ಅವ್ವನಿಗಾಗಿ ಮೆತ್ತಿದ ಸಿಮೆಂಟು

ಸಾಂಗಲಿಯ ನಮ್ಮ ಮನೆ ಎಂದಿನಂತಿದ್ದ ಕೊನೆಯ ದಿನ ಅದು. ಬಾಗಿಲ ಮುಂದಿನ ಒಡೆದ ಕಾಲುದಾರಿಯಲ್ಲಿ ಎಡವಿ ಕಾಲು ಮುರಿದುಕೊಂಡಿದ್ದ ಅವ್ವ, ಮರುದಿನ ಮಿರಜದ ಆಸ್ಪತ್ರೆಯಿಂದ ಮರಳಿ, ತನ್ನ ಕಾಲಲ್ಲೇ ನಡೆದು ಮನೆಯೊಳಗೆ ಬರುವವಳಿದ್ದಳು. ಅಪ್ಪ ತಾನೇ ಬಿರುಕನ್ನು ಕೆತ್ತಿ, ನೀರು ಚಿಮುಕಿಸಿ, ಸಿಮೆಂಟು ಮೆತ್ತಿದ. ಪುಷ್ಯದ ಚಳಿಗೆ ಅದು ಬಿಗಿಯಲೊಲ್ಲದು. ಅದರ ಮೇಲೆ ಜೋಳದ ಒಣ ಕಣಿಕೆ ಹರಡಿ ಗೋಣಿಚೀಲ ಹೊದಿಸಿದ.

“ಸಿಮಿಟಿಗೂ ಕೌದಿ ಹೊಚ್ಚತೀರೇನ್ರಿ?” ಅವ್ವನ ತಂಗಿ ನಕ್ಕಳು.

“ನಗಬ್ಯಾಡ. ಯಾರೂ ತುಳೀಬ್ಯಾಡ್ರಿ. ಮೊದಲ ಹೆಜ್ಜಿ ಮನಿ ಒಡತೀದು.”

ನಾವೆಲ್ಲ ಹಿತ್ತಲ ಬಾಗಿಲಿನಿಂದ ಓಡಾಡಿದೆವು. ಸಂಜೆ ಅಪ್ಪ ಗೋಣಿ ಸರಿಸಿ ಬೆರಳೊತ್ತಿದ, ಇನ್ನೂ ಹಸಿಯಿತ್ತು.

ಬೆಳಿಗ್ಗೆ ಗಟ್ಟಿಯಾಗಿತ್ತು. ಅಷ್ಟರಲ್ಲಿ ಆಸ್ಪತ್ರೆಯ ಆಳು ಬಂದು, ಅವ್ವ ನಸುಕಿನಲ್ಲಿ ತೀರಿಕೊಂಡಳೆಂದ. ಅವಳನ್ನು ಹೊತ್ತು ತಂದವರು ಆ ಸಿಮೆಂಟನ್ನು ತುಳಿದೇ ಒಳಗೆ ಬಂದರು. ಅಪ್ಪ ತಡೆಯಲಿಲ್ಲ.

ಆ ತೇಪೆ ಇಂದಿಗೂ ಒಡೆದಿಲ್ಲ. ಅವ್ವನ ಹೆಜ್ಜೆ ಅದರ ಮೇಲೆ ಬಿದ್ದಿಲ್ಲ.