ಎರಿ ಮಣ್ಣಿನಲ್ಲಿ ಪುಣೆಯ ಕಾರು

ಎರಡು ಸಾವಿರದ ಐದಾರರ ಸುಮಾರಿಗೆ ನಾನು ಗಜೇಂದ್ರಗಡದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದೆ. ಆಗ ಊರಿನಲ್ಲಿ ಕಾಳುಕಡಿಯ ದಲ್ಲಾಳಿಯಾಗಿದ್ದ ಅಡತಿ ವ್ಯಾಪಾರಿಯೊಬ್ಬರ ಅಳಿಯ ಪುಣೆಯಿಂದ ಭಾರಿ ವೇಗದ ವಿದೇಶಿ ಕಾರು ತಂದಿದ್ದ. ಗಾಳಿ ಹಾಕಿಸಲು ಬಂದವನು ಕೆಳಗಿಳಿಯಲಿಲ್ಲ. ಗಾಜು ನಾಲ್ಕು ಬೆರಳು ಇಳಿಸಿ ಅಲ್ಲಿಂದಲೇ ಮಾತಾಡಿದ.

ಗ್ಯಾರೇಜಿನ ಮಾಲೀಕರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಅವರ ಹಳೆಯ ಜೀಪಿನ ಹಿಂದಿನ ಆಕ್ಸೆಲ್‌ನಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇತ್ತು. ಮಾಮೂಲಿ ಗಾಡಿಯಲ್ಲಿ ಒಂದು ಗಾಲಿ ಕೆಸರಲ್ಲಿ ಜಾರಿದರೆ ಎಂಜಿನ್ನಿನ ಬಲವೆಲ್ಲ ಅಲ್ಲೇ ಸುರಿದುಹೋಗುತ್ತದೆ. ಜೀಪಿನ ಆ ಡಿಫರೆನ್ಷಿಯಲ್‌ನೊಳಗಿನ ಪ್ಲೇಟುಗಳು ಒಂದಕ್ಕೊಂದು ಒತ್ತಿಕೊಂಡು, ನೆಲ ಹಿಡಿದ ಇನ್ನೊಂದು ಗಾಲಿಗೂ ಬಲ ಮುಟ್ಟಿಸುತ್ತಿದ್ದವು. ಚಾಚಾ ಇದನ್ನು ಹೇಳುತ್ತಿದ್ದಂತೆ ಅಳಿಯ ನಕ್ಕ.

"ಅವೆಲ್ಲ ಹಳೇ ಕಾಲದ್ವು. ನನ್ನ ಗಾಡಿಗೆ ಟ್ರ್ಯಾಕ್ಷನ್ ಕಂಟ್ರೋಲ್ ಐತಿ. ಗಾಲಿ ಜಾರಿದ್ರ ಕಂಪ್ಯೂಟರೇ ಬ್ರೇಕ್ ಹಾಕ್ತದ."

"ಚಲೋ ಆತ್ರಿ," ಎಂದರು ಚಾಚಾ.

"ಬಲ ಮುಂದಿನ ಗಾಲಿಗೋ, ಹಿಂದಿನ ಗಾಲಿಗೋ?" ಎಂದು ನಾನು ಕೇಳಿದೆ.

"ನಾಲ್ಕೂ ತಿರುಗ್ತಾವಲ್ಲಪಾ," ಎಂದ. ಆ ಕಾರಿಗೆ ಬಲ ಹಿಂದಿನ ಎರಡಕ್ಕೆ ಮಾತ್ರ. ಅವನ ಬಗ್ಗೆ ನನಗಿದ್ದ ಅಲ್ಪಸ್ವಲ್ಪ ಮರ್ಯಾದೆ ಅಲ್ಲಿಗೆ ಮುಗಿಯಿತು.

ಎರಡು ದಿನದ ನಂತರ ಸೂಡಿ ಊರಿನಲ್ಲಿ ಆ ಅಡತಿಯವರ ಸಂಬಂಧಿಕರ ಮದುವೆ. ಬೆಳಿಗ್ಗೆ ಮಳೆ ಬಿದ್ದಿತ್ತು. ಹತ್ತಿರದ ದಾರಿಯೆಂದು ಆಸಾಮಿ ಡಾಂಬರು ಬಿಟ್ಟು ಹೊಲದ ಹಾದಿಗೆ ಇಳಿಸಿದ್ದ. ಕಾರು ಸಿಕ್ಕಿಬಿದ್ದಿದೆಯೆಂದು ಗ್ಯಾರೇಜಿಗೆ ಫೋನು ಬಂತು. ಚಾಚಾ ಮತ್ತು ನಾನು ಜೀಪು ತೆಗೆದುಕೊಂಡು ಹೋದೆವು.

ಮಳೆಗೆ ಅಂಟಿನಂತಾಗುವ ಕಪ್ಪು ಎರಿ ಮಣ್ಣಿನಲ್ಲಿ ಕಾರು ಅರ್ಧ ಗಾಲಿಯವರೆಗೆ ಹೂತುಹೋಗಿತ್ತು. ಅವನು ಆಕ್ಸಿಲರೇಟರ್ ತುಳಿದಷ್ಟೂ ಎಂಜಿನ್ ಕುಗ್ಗುತ್ತಿತ್ತು. ಸ್ಟಿಯರಿಂಗಿನ ಮುಂದೆ ಟ್ರ್ಯಾಕ್ಷನ್ ಕಂಟ್ರೋಲಿನ ಹಳದಿ ದೀಪ ಮಿಣುಕುತ್ತಿತ್ತು. ಗಾಲಿ ಜಾರಿದೊಡನೆ ಕಂಪ್ಯೂಟರು ಬಲ ಕಡಿಮೆ ಮಾಡುತ್ತಿತ್ತು.

"ಆ ಕಂಟ್ರೋಲ್ ಬಂದ್ ಮಾಡ್ರಿ. ಕೆಸರಾಗ ಗಾಲಿ ಒಂಚೂರು ತಿರುಗಬೇಕ್ರಿ," ಎಂದರು ಚಾಚಾ.

"ಬಂದ್ ಮಾಡೂದು ಎಲ್ಲೈತಿ?"

ಗೇರಿನ ಪಕ್ಕದಲ್ಲೇ ಗುಂಡಿಯಿತ್ತು. ನಾನು ಕೈ ಚಾಚಿ ಒತ್ತಿದೆ. ಈಗ ಒಂದೇ ಗಾಲಿ ಗರಗರ ತಿರುಗಿ, ತಳ್ಳಲು ನಿಂತಿದ್ದ ಅವನ ಭಾವನ ಬಿಳಿ ಅಂಗಿಗೆಲ್ಲ ಕೆಸರು ಹಾರಿತು. ಕೊನೆಗೆ ಹಗ್ಗ ಕಟ್ಟಿದೆವು. ಜೀಪು ಎರಡು ಸಲ ಜಾರಿ, ಮೂರನೆಯ ಸಲ ಹಿಂದಿನ ಎರಡೂ ಗಾಲಿಯಿಂದ ನೆಲ ಕಚ್ಚಿ ಕಾರನ್ನು ಎಳೆದು ತಂದಿತು.

ನಾನು ನಕ್ಕೆ. ಚಾಚಾ ಗದರಿಸಿದರು: "ಗಾಡಿಗೆ ನಗಬ್ಯಾಡ. ತೊಯ್ದ ಡಾಂಬರ್ ಮ್ಯಾಲ ಆ ಕಂಟ್ರೋಲೇ ಜೀವ ಉಳಸ್ತದ."

ನಾನು ನಕ್ಕಿದ್ದು ಗಾಡಿಗಲ್ಲ.

ಕಾರನ್ನು ಸೂಡಿಗೆ ಮುಟ್ಟಿಸಿದಾಗ, ಬಂದಿದ್ದೀರಿ, ಉಂಡು ಹೋಗಿ ಎಂದು ಮದುವೆ ಮನೆಯವರು ನಮ್ಮನ್ನೂ ಪಂಕ್ತಿಗೆ ಕೂರಿಸಿದರು. ಎದುರಿನ ಸಾಲಿನಲ್ಲಿ ಅಳಿಯ ಹೇಳುತ್ತಿದ್ದ: "ಸಿಸ್ಟಮ್ ಭಾಳ ಚಲೋ ಐತ್ರಿ, ತಾನ ಹೊರಗ ಬಂತು. ಜೀಪಿನವ್ರು ಸ್ವಲ್ಪ ಕೈ ಹಚ್ಚಿದ್ರು, ಅಷ್ಟ."

ಚಾಚಾ ಬಡಿಸುವವನನ್ನು ಕರೆದು ಇನ್ನೊಂದಿಷ್ಟು ಸಾರು ಹಾಕಿಸಿಕೊಂಡರು. ಅಂಥ ಗಾಡಿ ಅಂಥವನ ಕೈಗೆ ಸಿಕ್ಕಿತ್ತಲ್ಲ ಎಂಬ ತಿರಸ್ಕಾರ ಇವತ್ತಿಗೂ ನನ್ನಲ್ಲಿ ಕಡಿಮೆಯಾಗಿಲ್ಲ.