ಅಮ್ಮನ ಪಕ್ಷ ಹಿಡಿದು ಮಾತಾಡಿದ್ದು

ಚೀಟಿ ಬಿಚ್ಚಿದವಳೇ ಹಣೆ ಚಚ್ಚಿಕೊಂಡೆ. 'ಪರ' ಎಂದಿತ್ತು. ವಿಷಯ: ಡಿಗ್ರಿ ಮುಗಿಸಿದ ಹುಡುಗಿಗೆ ಮೊದಲು ಮದುವೆ, ಓದೆಲ್ಲ ಆಮೇಲೆ.

ನಮ್ಮ ವಿಶ್ವವಿದ್ಯಾಲಯದ ಚರ್ಚಾಕೂಟ ಹಳೆಯದು. ಅಲ್ಲಿ ಯಾರೂ ತಮಗೆ ಬೇಕಾದ ಪಕ್ಷ ಹಿಡಿಯುವ ಹಾಗಿಲ್ಲ, ಚೀಟಿ ಹೇಳಿದ್ದೇ ಪಕ್ಷ. ಕೇಳಲು ಬಂದವರೂ ಸುಮ್ಮನೆ ಕೂರುವಂತಿಲ್ಲ. ಪರ ಇರುವವರು ಕಿಟಕಿ ಕಡೆ, ವಿರೋಧ ಇರುವವರು ಬಾಗಿಲ ಕಡೆ. ವಾದ ಮುಗಿದ ಮೇಲೆ ಮನಸ್ಸು ಬದಲಾದವರು ಎದ್ದು ಇನ್ನೊಂದು ಕಡೆಗೆ ಹೋಗಿ ಕೂರಬೇಕು. ಜನ ಯಾವ ಕಡೆ ಹೆಚ್ಚೋ ಆ ಕಡೆ ಗೆದ್ದಂತೆ.

ಆ ದಿನವೇ ಅಮ್ಮ ಬರಬೇಕೇ! ಕಲ್ಯಾಣದುರ್ಗದಿಂದ ಬಸ್ಸು ಹತ್ತಿ, ಹಿಂದೂಪುರದ ಗಂಡಿನ ಮನೆಯವರಿಗೆ ಒಪ್ಪಿಗೆ ಹೇಳಲು ಹೊರಟಿದ್ದಳು. ದಾರಿಯಲ್ಲಿ ಇಳಿದು ನನ್ನನ್ನೂ ಕರೆದುಕೊಂಡು ಹೋಗುವ ಲೆಕ್ಕ. ನನಗೋ ಲಾ ಓದಬೇಕು. ಪರೀಕ್ಷೆ ಬರೆದು ಸೀಟೂ ಸಿಕ್ಕಿತ್ತು. ಫೋನಿನಲ್ಲಿ ತಿಂಗಳುಗಟ್ಟಲೆ ಜಗಳವಾಡಿದ್ದೆವು, ಇಬ್ಬರೂ ಜಗ್ಗಿರಲಿಲ್ಲ.

"ಏನಾದ್ರೂ ಮಾತಾಡ್ಕ. ಮುಗುದ್ಮೇಲೆ ಬತ್ತೀಯಾ, ಅಷ್ಟೇ" ಎಂದು ಅಮ್ಮ ಸೀದಾ ಕಿಟಕಿ ಕಡೆ ಹೋಗಿ ಕೂತಳು.

ಲೇಪಾಕ್ಷಿಯ ಗೆಳತಿ ಕಿವಿಯಲ್ಲಿ ಊದಿದಳು: "ಬೇಕಂತ್ಲೇ ಸೋತ್ಬುಡೆ. ಅರ್ಧಂಬರ್ಧ ಮಾತಾಡಿ ಬಂದ್ಬುಡು."

"ಹೋಗೇ! ಲಾಯರ್ ಆಗೋಳು ಮೊದಲ್ನೇ ಕೇಸೇ ಮಾರ್ಕಂಡ್ಬುಡ್ಲಾ?" ಎಂದೆ. ಸೋಲುವುದಕ್ಕೆಂದು ವೇದಿಕೆಯ ಮೆಟ್ಟಿಲು ಹತ್ತುವವಳು ನಾನಲ್ಲ.

ಮನೆಯಲ್ಲಿ ನಮ್ಮದು ಕನ್ನಡವಾದರೂ ಕೂಟದ್ದು ತೆಲುಗು, ತೆಲುಗಿನಲ್ಲೇ ಶುರು ಮಾಡಿದೆ. ಅಮ್ಮ ಫೋನಿನಲ್ಲಿ ಅಂದದ್ದನ್ನೆಲ್ಲ ಒಂದೂ ಬಿಡದೆ ಆಡಿದೆ. ಹದ ತಪ್ಪಿಸಿ ಬಿತ್ತಿದರೆ ಬೆಳೆ ಕೈಗೆ ಬರುತ್ತದೆಯೇ? ಇಷ್ಟು ಓದಿದವಳಿಗೆ ಅವಳಿಗಿಂತ ಹೆಚ್ಚು ಓದಿದ ಗಂಡನ್ನು ಎಲ್ಲಿಂದ ತರುವುದು? ಅಪ್ಪನಿಲ್ಲದ ಮಗಳು, ನಾಳೆ ತಾಯಿಯೂ ಕಣ್ಣು ಮುಚ್ಚಿದರೆ ಅವಳಿಗೆ ಯಾರು ದಿಕ್ಕು? ಅಮ್ಮನದು ಹಟವಲ್ಲ, ಭಯ ಎಂದು ನನಗೆ ಹೊಳೆದದ್ದೇ ಅಲ್ಲಿ ನಿಂತಾಗ. ಆದರೂ ಹಲ್ಲು ಕಚ್ಚಿ ಮುಗಿಸಿದೆ. ನನಗೆ ವಿರೋಧವಾಗಿ ಮಾತಾಡಿದ ಹುಡುಗ ನಡುವೆಯೇ ತಡವರಿಸಿದ.

ಜನ ಎದ್ದರು. ಬಾಗಿಲ ಕಡೆಯವರೆಲ್ಲ ಬೆಂಚು ದಾಟಿಕೊಂಡು ಕಿಟಕಿ ಕಡೆಗೆ ನುಗ್ಗಿದರು. ಅಯ್ಯೋ, ಗೆದ್ದೆನಲ್ಲ! ಚಪ್ಪಾಳೆ ಬೀಳುತ್ತಿದ್ದರೆ ನಾನು ವೇದಿಕೆಯ ಮೇಲೇ ಕಣ್ಣೊರೆಸಿಕೊಳ್ಳುತ್ತಿದ್ದೆ. ಗೆದ್ದದ್ದು ಗಂಡಿನ ಮನೆಯವರು ಅನ್ನಿಸಿತು.

ಆ ನೂಕುನುಗ್ಗಲಿಗೆ ಎದುರಾಗಿ ಒಬ್ಬಳು ಬರುತ್ತಿದ್ದಳು. "ಜರುಗಪ್ಪ, ವಸಿ ದಾರಿ ಬಿಡಪ್ಪ" ಎನ್ನುತ್ತಾ ಬಂದ ಅಮ್ಮ, ಖಾಲಿಯಾಗಿದ್ದ ಬಾಗಿಲ ಕಡೆಯ ಬೆಂಚಿನ ಮೇಲೆ ಒಬ್ಬಳೇ ಕೂತಳು.

ಕೂಟದ ಕಾರ್ಯದರ್ಶಿ ಪಾಪ, ಅವಳು ತಪ್ಪಿ ಕೂತಳೆಂದು ತಿಳಿದ. "ಅಮ್ಮಾ, ನಿಮ್ಮ ಮಗಳದು ಆ ಕಡೆ" ಎಂದು ತೆಲುಗಿನಲ್ಲಿ ಹೇಳಿದ.

"ಗೊತ್ತು ಕಣಪ್ಪ" ಎಂದಳು ಅಮ್ಮ. "ನನ್ ಮಾತ್ನೆಲ್ಲ ನನಗಿಂತ ಚೆನ್ನಾಗಿ ಆಡ್ಬುಟ್ಲು. ತಾನು ಒಪ್ಪದೇ ಇರೋ ಮಾತ್ನೇ ಇಷ್ಟು ಜನದ ಮುಂದೆ ಇಷ್ಟು ಗಟ್ಟಿಯಾಗಿ ನಿಂತ್ಕಂಡು ಆಡೋಳಿಗೆ, ನಾನಿಲ್ದಿದ್ರೆ ಯಾರು ದಿಕ್ಕು ಅಂತ ನಾನ್ಯಾಕೆ ಹೆದ್ರಬೇಕು?"

ಆಮೇಲೆ ವೇದಿಕೆಯತ್ತ ತಿರುಗಿ ನನ್ನನ್ನು ಗದರಿದಳು: "ಅಳ್ಬೇಡ ಕಣೆ. ಹಿಂದೂಪುರಕ್ಕೆ ನಾನೊಬ್ಳೇ ಹೋಯ್ತೀನಿ. ಬ್ಯಾಡ ಅಂತ ಹೇಳಿ ಬತ್ತೀನಿ."