ನೊರೆ ನೋಡುವ ಖಾಸಿಂಸಾಬರು

ಖಾಸಿಂಸಾಬರ ಅಂಗಿಯ ಕಿಸೆಯಲ್ಲಿ, ಪೆನ್ನು ಇರಬೇಕಾದ ಜಾಗದಲ್ಲಿ, ಗಡ್ಡ ಹೆರೆಯುವ ಬ್ರಶ್ಶು ಇರುತ್ತಿತ್ತು. ಗಡ್ಡವನ್ನಂತೂ ಅವರು ಹೆರೆದವರಲ್ಲ, ಎದೆಯ ತನಕ ಬೆಳ್ಳಗೆ ಇಳಿದಿತ್ತು. ಆ ಬ್ರಶ್ಶಿನಿಂದ ಗ್ಯಾಸಿನ ಕೊಳವೆಯ ಒಂದೊಂದು ಜಾಯಿಂಟಿಗೂ ಸಾಬೂನಿನ ನೊರೆ ಬಳಿದು, ಕುಕ್ಕುರುಗಾಲಲ್ಲಿ ಕೂತು, ಗುಳ್ಳೆ ಏಳುತ್ತದೋ ಎಂದು ನೋಡುವರು. ಕರೆದರೂ ಮುಖ ಎತ್ತುತ್ತಿರಲಿಲ್ಲ. "ತಡೀರಿ, ಗ್ಯಾಸಿಗಿ ಬಾಯಿಲ್ಲ. ನೊರಿಯೊಳಗೇ ಮಾತಾಡ್ತದ" ಅನ್ನುತ್ತಿದ್ದರು.

ಅವರು ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕ್. ಮನೆ ಅದೇ ಊರಿನ ರೋಜಾ ಬಡಾವಣೆಯಲ್ಲಿ. ನನ್ನ ಮೊಮ್ಮಗಳು ಶಾಂಭವಿ ಆ ಕಾಲೇಜಿನಲ್ಲಿಯೇ ಪಿಎಚ್‌ಡಿ ಮಾಡಿದಳು. ಹೋದ ತಿಂಗಳು ಮುಗಿಯಿತು, ಈಗ ಅವಳು ಡಾಕ್ಟರ್! ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನಂಥವಳ ಮೊಮ್ಮಗಳು! ನಮ್ಮೂರು ಕಮಲಾಪುರದ ಸಂತೆಯಲ್ಲಿ ಗುರುತಿದ್ದವರಿಗೂ ಇಲ್ಲದವರಿಗೂ ಪೇಢೆ ಕೊಟ್ಟೆ. ಯಾರಿಗೆ ಮೊದಲು ಕೊಡಬೇಕಿತ್ತೋ ಅವರೇ ಇಲ್ಲ.

ಅವಳ ಕೆಲಸ ನನಗೆ ತಿಳಿದಷ್ಟು ಹೇಳುತ್ತೇನೆ. ಅಡುಗೆ ಗ್ಯಾಸು ಅಂದರೆ ಒಂದೇ ಗ್ಯಾಸಲ್ಲವಂತೆ, ಎರಡು ಮೂರು ಕೂಡಿದ್ದು. ಯಾವುದನ್ನು ಎಷ್ಟು ಕೂಡಿಸಿದರೆ ಎಷ್ಟು ಬೇಗ ಬೆಂಕಿ ಹತ್ತುತ್ತದೆ ಎಂದು ಅಳೆಯುವುದು. ಕಡ್ಡಿ ಗೀರುವುದಿಲ್ಲ. ಉದ್ದನೆಯ ಉಕ್ಕಿನ ಕೊಳವೆಯೊಳಗೆ ತೆಳು ತಗಡೊಂದು ಢಬ್ಬೆಂದು ಒಡೆಯುತ್ತದೆ. ಆ ಹೊಡೆತಕ್ಕೇ ಗ್ಯಾಸು ಕಾದು ತಾನಾಗಿ ಹೊತ್ತುತ್ತದೆ. ರೆಪ್ಪೆ ಬಡಿಯುವುದರೊಳಗೆ ಎಲ್ಲ ಮುಗಿದಿರುತ್ತದೆ. ಆ ಕೊಳವೆ ಕೂಡಿಸಿದ್ದು ಖಾಸಿಂಸಾಬರ ಕೈ.

ಒಮ್ಮೆ ಆಯುಧ ಪೂಜೆಗೆ ಕೆಂಪು ಬಾಳೆಹಣ್ಣು, ಕಾಯಿ, ಕರ್ಪೂರ ಕಟ್ಟಿಕೊಂಡು ಹೋಗಿದ್ದೆ. ಮೊಮ್ಮಗಳ ಯಂತ್ರಕ್ಕೆ ಆರತಿ ಬೇಡವೇ? ಕಡ್ಡಿಪೆಟ್ಟಿಗೆ ತೆಗೆದೆನೋ ಇಲ್ಲವೋ, ಸಾಬರು ಓಡಿಬಂದು ಕಸಿದುಕೊಂಡರು.

"ಯಮ್ಮಾ, ಮಮ್ಮಗಳಿಗಿ ಡಾಕ್ಟರ್ ಮಾಡಬೇಕಂತೀರೋ, ಆಕಾಶಕ್ಕ ಹಾರಸಬೇಕಂತೀರೋ?"

"ದೀಪ ಇಲ್ಲದ ಪೂಜಿ ಯಾವ ಊರಾಗ ಅದರಿ, ಸಾಬ್ರ?"

"ಹಚ್ಚಬ್ಯಾಡ್ರಿ, ಬರೇ ತೋರಸ್ರಿ. ನಿಮ್ಮ ದೇವರಿಗಿ ತಿಳೀತದ. ಈ ಸಿಲಿಂಡರಿಗಿ ತಿಳಿಯಂಗಿಲ್ಲ."

ಹಚ್ಚದ ಕರ್ಪೂರದ ತಟ್ಟೆಯನ್ನೇ ಮೂರು ಸುತ್ತು ಎತ್ತಿದೆ. ಅವರು ಟೊಪ್ಪಿಗೆ ಸರಿಮಾಡಿಕೊಂಡು ಪಕ್ಕದಲ್ಲಿ ನಿಂತರು. ಬಾಳೆಹಣ್ಣು ಎರಡು ತಿಂದು, ಮೂರನೆಯದನ್ನು ಹೆಂಡತಿಗೆಂದು ಕರವಸ್ತ್ರದಲ್ಲಿ ಸುತ್ತಿಕೊಂಡರು.

ಮರುವರ್ಷ, ಶಾಂಭವಿ ಇನ್ನೇನು ಬರೆದು ಮುಗಿಸಬೇಕು ಅನ್ನುವಾಗ, ಸಾಬರು ತಾವಾಗಿ ಹೋಗಿ ಅವಳ ಗುರುಗಳ ಮುಂದೆ ನಿಂತರಂತೆ. ಗ್ಯಾಸು ಕೂಡಿಸಿಡುವ ಟ್ಯಾಂಕಿನ ಜಾಯಿಂಟೊಂದು ಕೆಟ್ಟಿತ್ತು. ಗ್ಯಾಸು ಹೊರಗೆ ಬರುತ್ತಿರಲಿಲ್ಲ; ಟ್ಯಾಂಕು ಬರಿದು ಮಾಡಿದಾಗ ಹೊರಗಿನ ಗಾಳಿ ಒಳಗೆ ಹೋಗಿ ಗ್ಯಾಸಿನ ಲೆಕ್ಕ ಕೆಡಿಸುತ್ತಿತ್ತು. ಅದಕ್ಕೇ ನೊರೆಗೆ ಸಿಕ್ಕಿರಲಿಲ್ಲ. "ಹಳೇ ವಾಷರ್ ಹಾಕಿದ್ನಿರಿ ಸರ್. ನನ್ನ ಕೈ ತಪ್ಪು" ಅಂದರಂತೆ. ಎಂಟು ತಿಂಗಳ ಅಳತೆ ಎಲ್ಲ ನೀರುಪಾಲು, ಮೊದಲಿನಿಂದ ಮಾಡಬೇಕು. ಶಾಂಭವಿ ಊರಿಗೆ ಬಂದು ಎರಡು ದಿನ ಊಟ ಬಿಟ್ಟಳು.

ಮೂರನೇ ದಿನ ಖಾಸಿಂಸಾಬರು ಬಸ್ಸಿಗೆ ಬಂದು ನಮ್ಮ ಬಾಗಿಲಲ್ಲಿ ನಿಂತರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು.

"ಬೇಟಿಗಿ ಕಳಸ್ರಿ ಯಮ್ಮಾ. ಹೊಸಾದು ಹಾಕೀನಿ. ಎರಡು ದಿನ ಕಾದು ನೋಡೀನಿ, ಮೀಟರಿನ ಮುಳ್ಳು ಅಳ್ಳಾಡಿಲ್ಲ."

ನಾನು ಬಾಗಿಲಿಗೆ ಅಡ್ಡ ನಿಂತೆ. "ಕೂಸಿನ ವರ್ಷ ಹಾಳ ಮಾಡಿ ಈಗ ಹೇಳಾಕ ಬಂದೀರೇನು? ಸುಮ್ಮನಿದ್ದಿದ್ರ ಯಾರಿಗಿ ತಿಳೀತಿತ್ತು?"

"ನನಗ ತಿಳದಿತ್ತಲ್ರಿ" ಅಂದರು.

ಒಳಗೆ ಬರ್ರಿ ಅನ್ನಲಿಲ್ಲ ನಾನು. ನೀರು ಬೇಕೇ ಎಂದೂ ಕೇಳಲಿಲ್ಲ. ಅವರು ಬಂದ ಬಿಸಿಲಲ್ಲೇ ಬಸ್ ನಿಲ್ದಾಣದ ಕಡೆ ನಡೆದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಶಾಂಭವಿ ಮರಳಿ ಹೋದಳು. ಸಾಬರು ದಿನಾ ಅವಳಿಗಿಂತ ಮೊದಲೇ ಬಂದು ಟ್ಯಾಂಕಿನ ಮುಂದೆ ಕೂತಿರುತ್ತಿದ್ದರಂತೆ. ಅರ್ಧ ಅಳತೆ ಮುಗಿದಾಗ ಒಂದು ಮುಂಜಾನೆ ಬರಲಿಲ್ಲ. ಎದೆನೋವಂತೆ. ಮಧ್ಯಾಹ್ನಕ್ಕೆ ಸುದ್ದಿ ಬಂತು.

ಪೇಢೆ ಹಂಚಿ ಬಂದ ದಿನ ಮೊಮ್ಮಗಳ ಬಾಯಿಗೂ ಒಂದಿಟ್ಟೆ. ಅವಳು ಅದನ್ನು ತೆಗೆದು ಡಬ್ಬಿಯ ಮುಚ್ಚಳದ ಮೇಲಿಟ್ಟಳು.

"ಆಯಿ, ಮೊದಲ ಸಲ ಹೊಸ ವಾಷರ್ ಬರಾಕ ಎಂಟು ದಿನ ಆಗ್ತಿತ್ತು. ಖಾಸಿಂ ಚಾಚಾ 'ತಡಿ ಬೇಟಿ' ಅಂದಿದ್ರು. ಹಳೇದೇ ಹಾಕ್ರಿ ಅಂತ ಗಂಟು ಬಿದ್ದಾಕಿ ನಾನು. ಸರ್ ಮುಂದ ಅವರು ನನ್ನ ಹೆಸರೇ ತೆಗೀಲಿಲ್ಲ."

ಆಮೇಲೆ ಎರಡು ಸಲ ಪೇಢೆಯ ಡಬ್ಬಿ ಹಿಡಿದು ಕಲಬುರಗಿಗೆ ಹೋದೆ. ಎರಡು ಸಲವೂ ಜಗತ್ ಸರ್ಕಲ್ಲಿನವರೆಗೆ ಹೋಗಿ, ರೋಜಾದ ಆಟೋ ಹತ್ತದೆ ಹೊರಳಿ ಬಂದೆ. ನನ್ನನ್ನು ಕಂಡ ಕೂಡಲೇ ಅವರ ಹೆಂಡತಿ "ಒಳಗ ಬರ್ರಿ" ಅನ್ನುತ್ತಾರೆ. ಆ ಮಾತು ಕೇಳಿಸಿಕೊಳ್ಳುವ ಮುಖ ನನಗಿಲ್ಲ.